ಮರದ ತೂತು ಕೊರೆದದ್ದು ಯಾರು, ಈಗ ಅದರೊಳಗೆ ಇರುವುದು ಯಾರು?

ಪ್ರಶ್ನೆ: ಕೊಪ್ಪದ ಓದುಗ

ಮಾನ್ಯರೇ, ನಮಸ್ಕಾರ.

ಕೊಪ್ಪ ತಾಲ್ಲೂಕಿನ ನಮ್ಮ ಮನೆಯ ಹಿಂದೆ, ಕೊಟ್ಟಿಗೆಗೂ ಕಾಫಿ ತೋಟಕ್ಕೂ ನಡುವೆ, ಹಳೆಯ ಹಲಸಿನ ಮರದ ಒಣ ಬೊಡ್ಡೆಯೊಂದು ನಿಂತಿದೆ. ಮರ ಸತ್ತು ಹಲವು ವರ್ಷಗಳಾಗಿವೆ. ತಲೆ ಮುರಿದು ಬಿದ್ದ ಮೇಲೆ ಉಳಿದಿರುವ ಆಳೆತ್ತರದ ಈ ಭಾಗದ ತೊಗಟೆ ಬಹುಪಾಲು ಕಳಚಿಹೋಗಿದ್ದು, ಕಳಚಿದ ಕಡೆಯಲ್ಲೆಲ್ಲ ತೂತುಗಳು ಕಾಣುತ್ತವೆ. ಕೆಲವು ಒಂದೆರಡು ಮಿಲಿಮೀಟರಿನಷ್ಟು ಸಣ್ಣವು, ಕೆಲವಕ್ಕೆ ಪೆನ್ಸಿಲ್ ತೂರುತ್ತದೆ, ಬುಡದ ಹತ್ತಿರದ ಕೆಲವಕ್ಕೆ ಹೆಬ್ಬೆರಳೇ ಹೋಗುತ್ತದೆ. ಎಲ್ಲವೂ ದುಂಡಗಿಲ್ಲ, ಕೆಲವು ಚಪ್ಪಟೆಯಾಗಿದ್ದು, ಒಂದು ಬದಿ ನೇರವಾಗಿ ಇನ್ನೊಂದು ಬದಿ ಬಾಗಿಕೊಂಡಿದೆ.

ಬಿಸಿಲೇರಿದ ಮೇಲೆ ಅದರ ಮುಂದೆ ನಿಂತರೆ ಬಗೆಬಗೆಯ ಕೀಟಗಳು ಬಂದು ಹೋಗುವುದು ಕಾಣಿಸುತ್ತದೆ. ಸಪೂರ ಸೊಂಟದ ಕಪ್ಪು ಕಣಜವೊಂದು ಸಣ್ಣ ಜೇಡಗಳನ್ನು ಹೊತ್ತು ತಂದು ತೂತಿನೊಳಗೆ ಸೇರಿಸುತ್ತದೆ. ತುಡುವೆ ಜೇನಿನ ಗಾತ್ರದ, ಆದರೆ ಅದಕ್ಕಿಂತ ದಪ್ಪನಾದ ಇನ್ನೊಂದು ಕೀಟ ಹಸಿರು ಎಲೆಯ ತುಣುಕನ್ನು ಹೊಟ್ಟೆಯಡಿ ಮಡಿಸಿ ಹಿಡಿದು ಬರುತ್ತದೆ. ನೀಲಿ ಹಸಿರಾಗಿ ಲೋಹದಂತೆ ಹೊಳೆಯುವ ಚಿಕ್ಕದೊಂದು ಕೀಟ ಏನನ್ನೂ ತರದೆ ತೂತಿನಿಂದ ತೂತಿಗೆ ಸುಮ್ಮನೆ ಅಲೆಯುತ್ತಿರುತ್ತದೆ. ಹಲವು ತೂತುಗಳ ಬಾಯಿ ಮಣ್ಣಿನಿಂದಲೋ ಅಂಟಿನಂಥ ವಸ್ತುವಿನಿಂದಲೋ ಮುಚ್ಚಿಹೋಗಿದೆ.

ನಮ್ಮ ದೊಡ್ಡಪ್ಪನವರು ಇದನ್ನೆಲ್ಲ ಒಟ್ಟಾಗಿ ಕುಟ್ಟೆ ಎನ್ನುತ್ತಾರೆ. ಈ ಹುಳುಗಳೇ ಮರವನ್ನು ಕೊರೆದು ಹಾಳುಮಾಡಿವೆ, ಇನ್ನು ಮನೆಯ ಪಕಾಸು ರೀಪುಗಳಿಗೂ ಅಲ್ಲಿಂದ ಅರೇಬಿಕಾ ಕಾಫಿ ಗಿಡಗಳಿಗೂ ಇಳಿಯುತ್ತವೆ, ಆದ್ದರಿಂದ ಬೊಡ್ಡೆಯನ್ನು ಸುಡಬೇಕು ಅಥವಾ ತೂತುಗಳಿಗೆ ಕೀಟನಾಶಕ ಹೊಯ್ಯಬೇಕು ಎಂಬುದು ಅವರ ಅಭಿಪ್ರಾಯ. ಅವರ ಅನುಭವದ ಮೇಲೆ ನನಗೆ ಗೌರವವಿದೆ. ತೋಟದಲ್ಲಿ ಬೋರರ್, ಅಂದರೆ ಕಾಫಿಯ ಕಾಂಡ ಕೊರೆಯುವ ಹುಳು, ತಂದ ನಷ್ಟವನ್ನು ಅವರು ಕಣ್ಣಾರೆ ಕಂಡವರು. ಆದರೂ ಜೇಡ ಹಿಡಿದು ತರುವ ಕಣಜವು ಮರವನ್ನೇಕೆ ತಿನ್ನಬೇಕು ಎಂಬ ಸಂಶಯ ನನ್ನನ್ನು ಬಿಟ್ಟಿಲ್ಲ. ಈ ತೂತುಗಳನ್ನು ಕೊರೆದವರು ಯಾರು, ಈಗ ಬಂದು ಹೋಗುವವರು ಯಾರು, ಮನೆಯ ಮರಕ್ಕೂ ಕಾಫಿಗೂ ನಿಜವಾಗಿ ಅಪಾಯವಿದೆಯೇ ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.


ಉತ್ತರ: ಕೀಟಲೋಕ

ನಮಸ್ಕಾರ. ನಿಮ್ಮ ಸಂಶಯ ಸರಿಯಾಗಿದೆ. ನೀವು ವರ್ಣಿಸಿರುವ ಮೂರು ಕೀಟಗಳಲ್ಲಿ ಒಂದೂ ಆ ಮರವನ್ನು ಕೊರೆದಿಲ್ಲ. ಕೊರೆದವು ದುಂಬಿಗಳು (ಬೀಟಲ್‌ಗಳು); ಅವುಗಳಲ್ಲಿ ಹೆಚ್ಚಿನವು ಆ ಬೊಡ್ಡೆಯನ್ನು ಬಿಟ್ಟುಹೋಗಿ ಬಹಳ ಕಾಲವಾಗಿರಬೇಕು.

ಇಲ್ಲಿ ಮೊದಲು ಗಮನಿಸಬೇಕಾದದ್ದು, ಮರ ಕೊರೆಯುವ ದುಂಬಿಗಳಲ್ಲಿ ಎರಡು ಗುಂಪುಗಳಾದ ಉದ್ದ ಮೀಸೆಯ ದುಂಬಿಗಳ ಮತ್ತು ಹೊಳಪುದುಂಬಿಗಳ ಮಟ್ಟಿಗೆ ನಮ್ಮ ಕಣ್ಣಿಗೆ ಬೀಳುವ ತೂತು ಹುಳು ಒಳಗೆ ಹೋದ ದಾರಿಯಲ್ಲ, ಹೊರಗೆ ಬಂದ ದಾರಿ. ತಾಯಿ ದುಂಬಿ ತೊಗಟೆಯ ಬಿರುಕಿನಲ್ಲಿ ಅಥವಾ ತೊಗಟೆಯನ್ನು ಕಚ್ಚಿ ಮಾಡಿದ ಗಾಯದಲ್ಲಿ ಮೊಟ್ಟೆಯಿಡುತ್ತದೆ. ಮೊಟ್ಟೆಯೊಡೆದ ಮರಿಹುಳು ಮೊದಲು ತೊಗಟೆಯ ಅಡಿಯ ಮೆದು ಪದರವನ್ನು ತಿಂದು, ಬೆಳೆದಂತೆ ಮರದೊಳಗೆ ಇಳಿದು, ತಿಂಗಳುಗಟ್ಟಲೆ, ಕೆಲವು ಜಾತಿಗಳಲ್ಲಿ ವರ್ಷಕ್ಕೂ ಮೀರಿ, ಕತ್ತಲಲ್ಲೇ ಸುರಂಗ ತೋಡುತ್ತ ಬದುಕುತ್ತದೆ. ಆ ಕಾಲದಲ್ಲೆಲ್ಲ ಹೊರಗಿನಿಂದ ನೋಡುವವರಿಗೆ ದೊಡ್ಡ ತೂತೇನೂ ಕಾಣುವುದಿಲ್ಲ. ಕೊನೆಗೆ ಮೇಲ್ಮೈಗೆ ಹತ್ತಿರವಾಗಿ ಒಂದು ಕೋಣೆ ಮಾಡಿಕೊಂಡು ಕೋಶಾವಸ್ಥೆ ಕಳೆದು, ರೆಕ್ಕೆ ಬಂದ ದುಂಬಿ ಮರವನ್ನು ಕಚ್ಚಿ ಹೊರಬರುತ್ತದೆ. ಅಂದರೆ ದೊಡ್ಡ ತೂತು ಕಂಡಾಗ ಅದನ್ನು ಮಾಡಿದ ಹುಳುವಿನ ತಿನ್ನುವ ಕಾಲ ಮುಗಿದಿರುತ್ತದೆ. ಅಲ್ಲಿಗೆ ಔಷಧ ಹೊಯ್ದರೆ ಅದು ತಲುಪುವುದು ಆಮೇಲೆ ಬಂದು ಸೇರಿಕೊಂಡವರಿಗೆ.

ತೂತಿನ ಆಕಾರವನ್ನು ನೋಡಿ ಯಾವ ಕುಟುಂಬದ ದುಂಬಿ ಎಂದು ಒಂದು ಮಟ್ಟಿಗೆ ಹೇಳಬಹುದು. ಒಂದು ಬದಿ ನೇರ, ಇನ್ನೊಂದು ಬದಿ ಬಾಗು ಎಂದು ನೀವು ಬರೆದಿರುವುದು ಹೊಳಪುದುಂಬಿಯ, ಅಂದರೆ ಬ್ಯುಪ್ರೆಸ್ಟಿಡೇ ಕುಟುಂಬದ ಗುರುತು. ಅದರ ಮೈ ಚಪ್ಪಟೆಯಾದ್ದರಿಂದ ಅದು ಹೊರಬಂದ ಬಾಗಿಲೂ ಚಪ್ಪಟೆ. ದುಂಡು ಅಥವಾ ಮೊಟ್ಟೆಯಾಕಾರದ, ಪೆನ್ಸಿಲಿನಷ್ಟು ಅಗಲದ ತೂತುಗಳು ಉದ್ದ ಮೀಸೆಯ ದುಂಬಿಗಳವು. ಹೆಬ್ಬೆರಳು ಹೋಗುವಷ್ಟು ದೊಡ್ಡವು ಹಲಸಿನಲ್ಲಿ ಇದ್ದರೆ ನನ್ನ ಮೊದಲ ಊಹೆ ಬ್ಯಾಟೊಸೆರಾ ರುಫೊಮ್ಯಾಕ್ಯುಲೇಟಾ. ಮಾವಿನ ಕಾಂಡಕೊರಕ ಎಂದು ಪ್ರಸಿದ್ಧವಾದ ಇದು ಹಲಸು, ಅತ್ತಿ ಮೊದಲಾದ ಮರಗಳನ್ನೂ ಬಿಡುವುದಿಲ್ಲ. ಬೂದುಬಣ್ಣದ, ಕತ್ತಿನ ಮೇಲೆ ಎರಡು ಕಿತ್ತಳೆ ಮಚ್ಚೆಗಳಿರುವ ಈ ದುಂಬಿ 5 ಸೆಂಟಿಮೀಟರಿನವರೆಗೆ ಬೆಳೆಯುತ್ತದೆ. ಅದರ ಮರಿಹುಳು ಇನ್ನೂ ಉದ್ದ. ನಿಮ್ಮ ಹಲಸು ಸಾಯುವುದಕ್ಕೆ ಇದರ ಪಾಲೂ ಇದ್ದಿರಬಹುದು.

ಒಂದೆರಡು ಮಿಲಿಮೀಟರಿನ ತೂತುಗಳ ಕಥೆ ಬೇರೆ, ಮತ್ತು ಅಲ್ಲಿ ಎರಡು ಬಗೆಗಳನ್ನು ಬಿಡಿಸಿ ನೋಡಬೇಕು. ಸುತ್ತ ನುಣುಪಾದ ಹಿಟ್ಟಿನಂಥ ಹುಡಿ ಉದುರುತ್ತಿದ್ದರೆ ಅದು ನಿಜವಾದ ಕುಟ್ಟೆ. ಲಿಕ್ಟಸ್, ಸೈನೊಕ್ಸೈಲಾನ್, ಬಿದಿರಿಗೆ ಬೀಳುವ ಡೈನೊಡೆರಸ್ ಎಲ್ಲವೂ ಈ ಗುಂಪಿನವು. ಇವು ಹುಡುಕುವುದು ಮರದಲ್ಲಿ ಉಳಿದಿರುವ ಪಿಷ್ಟವನ್ನು. ಆದ್ದರಿಂದಲೇ ಹೊರಗಿನ ಬಿಳಿಯ ಭಾಗಕ್ಕೆ ಬೇಗ ಬೀಳುತ್ತವೆ, ಒಳಗಿನ ಗಟ್ಟಿ ಭಾಗವಾದ ಚೇಗನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ರಬ್ಬರ್ ಮರಕ್ಕೆ, ಮಾವಿನ ಹಲಗೆಗೆ, ಕಡಿದ ಕೂಡಲೇ ಬಳಸಿದ ಬಿದಿರಿಗೆ ಕುಟ್ಟೆಯ ಕಾಟ ಹೆಚ್ಚಿರುವುದಕ್ಕೂ, ಬಿದಿರನ್ನು ಕೆಲವು ವಾರ ನೀರಿನಲ್ಲಿ ನೆನೆಹಾಕುವ ನಮ್ಮ ಹಳೆಯ ಪದ್ಧತಿ ಫಲ ಕೊಡುವುದಕ್ಕೂ ಕಾರಣ ಪಿಷ್ಟವೇ. ನೆನೆದಾಗ ಅದು ಕರಗಿ ಹೋಗುತ್ತದೆ.

ಹುಡಿಯೇ ಇಲ್ಲದೆ, ತೂತಿನ ಅಂಚು ಕಪ್ಪಾಗಿ ಕಲೆಗಟ್ಟಿದ್ದರೆ ಅದು ಅಂಬ್ರೋಸಿಯಾ ದುಂಬಿಯ ಕೆಲಸ. ಇವುಗಳ ತೂತು ಮಾತ್ರ ಒಳಗೆ ಹೋದ ದಾರಿ. ತಾಯಿ ದುಂಬಿ ತನ್ನ ಮೈಯಲ್ಲಿರುವ ಪುಟ್ಟ ಚೀಲದಲ್ಲಿ ಶಿಲೀಂಧ್ರದ ಬೀಜಕಗಳನ್ನು ಹೊತ್ತು ತಂದು, ಸುರಂಗದ ಗೋಡೆಯ ಮೇಲೆ ಬೆಳೆಸಿ, ತಾನೂ ಮರಿಗಳೂ ಅದನ್ನೇ ತಿನ್ನುತ್ತವೆ; ಮರ ಅವುಗಳಿಗೆ ಆಹಾರವಲ್ಲ, ಬೇಸಾಯದ ಭೂಮಿ. ರೊಬಸ್ಟಾ ಕಾಫಿಯ ಎಳೆಯ ರೆಂಬೆಗಳನ್ನು ಒಣಗಿಸುವ ಶಾಟ್ ಹೋಲ್ ಬೋರರ್ ಇದೇ ಬಳಗದ್ದು.

ಇನ್ನು ಮನೆಯ ವಿಷಯ. ಉದ್ದ ಮೀಸೆಯ ದುಂಬಿಗಳಲ್ಲಿ ಮತ್ತು ಹೊಳಪುದುಂಬಿಗಳಲ್ಲಿ ನಮ್ಮ ಕಡೆ ಕಾಣುವ ಬಹುತೇಕ ಜಾತಿಗಳಿಗೆ ಬದುಕಿರುವ ಅಥವಾ ಹೊಸದಾಗಿ ಸತ್ತ, ತೊಗಟೆಯಿರುವ ಮರ ಬೇಕು. ಒಣಗಿ ಹದವಾದ ಪಕಾಸಿನ ಮೇಲೆ ಅವು ಮೊಟ್ಟೆಯಿಡಲು ಬರುವುದಿಲ್ಲ. ಕುಟ್ಟೆ ಬರಬಹುದು, ಆದರೆ ಅದು ಬರುವುದು ಪಕಾಸಿನಲ್ಲಿ ಬಿಳಿಯ ಭಾಗ ಉಳಿದಿದ್ದರೆ. ವರ್ಷಗಳ ಹಿಂದೆ ಸತ್ತ ಬೊಡ್ಡೆ ಪಕ್ಕದಲ್ಲಿದೆ ಎಂಬ ಕಾರಣಕ್ಕಲ್ಲ. ಹಲಸಿನ ಹಳದಿ ಚೇಗಿನಿಂದ ಮಾಡಿದ ಪಕಾಸುಗಳಾಗಿದ್ದರೆ ನೀವು ನಿಶ್ಚಿಂತರಾಗಿರಬಹುದು. ಹೊಸದಾಗಿ ಮರ ಹಾಕುವುದಿದ್ದರೆ ಬೋರಿಕ್ ಆಮ್ಲ ಮತ್ತು ಬೊರಾಕ್ಸಿನ ದ್ರಾವಣದಲ್ಲಿ ಸಂಸ್ಕರಿಸಿದ ಮರವನ್ನೇ ಕೇಳಿ.

ದೊಡ್ಡಪ್ಪನವರ ಮಾತಿಗೆ ಆಧಾರವೇ ಇಲ್ಲವೆಂದು ಹೇಳಲಾರೆ. ಹಾರುವ ಕೀಟವೊಂದು ಒಣ ಮರವನ್ನು ತಾನೇ ಕೊರೆಯುವುದುಂಟು. ಅದು ದೊಡ್ಡ ಕಪ್ಪು ಭ್ರಮರ, ಕ್ಸೈಲೊಕೋಪಾ. ಒಂದು ಸೆಂಟಿಮೀಟರಿಗೂ ಹೆಚ್ಚು ಅಗಲದ, ಅಚ್ಚುಕಟ್ಟಾದ ದುಂಡು ತೂತು, ಅದರ ಕೆಳಗೆ ಒರಟು ಮರದ ಪುಡಿ, ಜೋರಾದ ಝೇಂಕಾರ ಇವು ಅದರ ಲಕ್ಷಣಗಳು. ಅದೂ ಮರವನ್ನು ತಿನ್ನುವುದಿಲ್ಲ, ಗೂಡಿಗೆ ಮಾತ್ರ ಕೊರೆಯುತ್ತದೆ. ಕೊಡಗಿನ ಮನೆಗಳ ಪ್ಯಾಶನ್ ಫ್ರೂಟ್ ಬಳ್ಳಿಯ ಹೂವಿಗೆ ಪರಾಗ ಮುಟ್ಟಿಸಲು ಇದರಷ್ಟು ದೊಡ್ಡ ಮೈಯ ಭ್ರಮರವೇ ಬೇಕಾದ್ದರಿಂದ, ಹಳೆಯ ಬೇಲಿಗೂಟದಲ್ಲಿ ಇದು ಮನೆ ಮಾಡಿದರೆ ಬಿಟ್ಟುಬಿಡುವುದು ಲೇಸು.


ಉತ್ತರ: ಸಂಜೆಮಲ್ಲಿಗೆ

ಕೀಟಲೋಕ ಅವರು ಕೊರೆದವರ ಬಗ್ಗೆ ವಿವರವಾಗಿ ಹೇಳಿದ್ದಾರೆ. ಬಂದು ಸೇರಿದವರ ಬಗ್ಗೆ ನನಗೆ ತಿಳಿದಷ್ಟನ್ನು ಬರೆಯುತ್ತೇನೆ, ಏಕೆಂದರೆ ನಿಮ್ಮ ಬೊಡ್ಡೆಯಲ್ಲಿ ಈಗ ನಡೆಯುತ್ತಿರುವುದೆಲ್ಲ ಅವರ ಸಂಸಾರವೇ.

ನಾವು ಜೇನು ಎಂದೊಡನೆ ಹೆಜ್ಜೇನು, ತುಡುವೆ, ಮಿಸರಿ ಎಂದು ಹಿಂಡಾಗಿ ಬಾಳುವವನ್ನೇ ನೆನೆಯುತ್ತೇವೆ. ಆದರೆ ಜಗತ್ತಿನ ಜೇನಿನ ಜಾತಿಗಳಲ್ಲಿ ಹೆಚ್ಚಿನವು ಒಂಟಿಯಾಗಿ ಬದುಕುವಂಥವು. ರಾಣಿಯೂ ಇಲ್ಲ, ಆಳುಗಳೂ ಇಲ್ಲ; ಒಬ್ಬ ತಾಯಿ ತಾನೇ ಗೂಡು ಹುಡುಕಿ, ತಾನೇ ಆಹಾರ ತುಂಬಿ, ತಾನೇ ಬಾಗಿಲು ಮುಚ್ಚಿ ಹೋಗುತ್ತಾಳೆ. ಇವುಗಳಲ್ಲಿ ಬಹಳಷ್ಟು ನೆಲ ತೋಡುತ್ತವೆ. ಉಳಿದವುಗಳಲ್ಲಿ ಅನೇಕಕ್ಕೆ ಮರ ಕೊರೆಯುವ ಶಕ್ತಿಯೇ ಇಲ್ಲ. ಯಾರೋ ಕೊರೆದು ಬಿಟ್ಟ ಕೊಳವೆ ಸಿಕ್ಕಿದರೆ ಮಾತ್ರ ಅವುಗಳ ವಂಶ ಮುಂದುವರಿಯುತ್ತದೆ. ಆ ಕೊಳವೆಯನ್ನು ಒದಗಿಸುವವರಲ್ಲಿ ದುಂಬಿಗಳೇ ಮುಖ್ಯ.

ಎಲೆಯ ತುಣುಕು ತರುವುದು ಮೆಗಾಕೈಲ್, ಎಲೆ ಕತ್ತರಿಸುವ ಜೇನು. ಮನೆಯಂಗಳದ ಗುಲಾಬಿ ಗಿಡದ ಎಲೆಯಂಚುಗಳಲ್ಲಿ ಕತ್ತರಿಯಿಂದ ಕತ್ತರಿಸಿದಂತೆ ಅರ್ಧಚಂದ್ರದ ಗುರುತುಗಳಿವೆಯೇ ಎಂದು ನೋಡಿ. ಕೊಳವೆಯ ಗೋಡೆಗೆ ಉದ್ದನೆಯ ತುಣುಕುಗಳನ್ನೂ ಮುಚ್ಚಳಕ್ಕೆ ದುಂಡನೆಯ ತುಣುಕುಗಳನ್ನೂ ಅದು ಬೇರೆಬೇರೆಯಾಗಿ ಕತ್ತರಿಸಿ ತರುತ್ತದೆ. ಪರಾಗವನ್ನು ಕಾಲಿನಲ್ಲಿ ಹೊರದೆ ಹೊಟ್ಟೆಯ ಅಡಿಯ ರೋಮದಲ್ಲಿ ಹೊರುವುದರಿಂದ, ಕೆಳಗಿನಿಂದ ನೋಡಿದರೆ ಹೊಟ್ಟೆ ಹಳದಿಯಾಗಿ ಕಾಣುತ್ತದೆ. ಇದೇ ಕುಲದ ಬೇರೆ ಜಾತಿಗಳು ಎಲೆಯ ಬದಲು ಮರದ ರಾಳವನ್ನೋ ಮಣ್ಣನ್ನೋ ಬಳಸುತ್ತವೆ. ನೀವು ಕಂಡ ಅಂಟಿನಂಥ ಮುಚ್ಚಳ ಅವುಗಳದ್ದಾಗಿರಬೇಕು. ತೊಗರಿಯ ಹೂವಿನ ಕೆಳದಳಗಳನ್ನು ಒತ್ತಿ ತೆರೆದು ಪರಾಗ ಮುಟ್ಟಿಸುವ ಮುಖ್ಯ ಕೀಟಗಳಲ್ಲಿ ಮೆಗಾಕೈಲ್ ಜಾತಿಗಳೂ ಸೇರಿವೆ ಎಂಬುದನ್ನು ಬಯಲುಸೀಮೆಯ ಓದುಗರು ಗಮನಿಸಬೇಕೆಂದು ಕೋರುತ್ತೇನೆ.

ಒಂದು ಕೊಳವೆಯೊಳಗೆ ಕೋಣೆಗಳು ಒಂದರ ಹಿಂದೆ ಒಂದರಂತೆ ಸಾಲಾಗಿ ಇರುತ್ತವೆ. ಫಲಿತಗೊಂಡ ಮೊಟ್ಟೆಯಿಂದ ಹೆಣ್ಣು, ಫಲಿತಗೊಳ್ಳದ ಮೊಟ್ಟೆಯಿಂದ ಗಂಡು ಹುಟ್ಟುವುದರಿಂದ, ಯಾವ ಕೋಣೆಗೆ ಯಾವ ಮರಿ ಎಂಬುದನ್ನು ತಾಯಿಯೇ ನಿರ್ಧರಿಸಬಲ್ಲಳು. ಒಳಗಿನ ಕೋಣೆಗಳಲ್ಲಿ ಹೆಣ್ಣು, ಬಾಗಿಲ ಬಳಿ ಗಂಡು. ಗಂಡುಗಳು ಮೊದಲು ಹೊರಬಂದು ದಾರಿ ತೆರವು ಮಾಡುತ್ತವೆ. ಕೊಳವೆ ಕಿರಿದಾದರೆ ಅಥವಾ ಗಿಡ್ಡವಾದರೆ ಗಂಡುಗಳ ಪಾಲು ಹೆಚ್ಚುತ್ತದೆ. ದುಂಬಿ ಎಷ್ಟು ಅಗಲವಾಗಿ, ಎಷ್ಟು ಆಳವಾಗಿ ಕೊರೆದಿತ್ತು ಎಂಬುದು ಮುಂದಿನ ತಲೆಮಾರಿನ ಜೇನಿನಲ್ಲಿ ಹೆಣ್ಣು ಎಷ್ಟು, ಗಂಡು ಎಷ್ಟು ಎಂಬುದರವರೆಗೆ ಹೀಗೆ ಮುಟ್ಟುತ್ತದೆ. ನನಗೆ ಈ ವಿಷಯದಲ್ಲಿ ಅತ್ಯಂತ ಆಶ್ಚರ್ಯ ಹುಟ್ಟಿಸುವ ಸಂಗತಿಯೇ ಇದು.

ಜೇಡ ತರುವ ಸಪೂರ ಕಣಜ ಬಹುಶಃ ಟ್ರೈಪಾಕ್ಸೈಲಾನ್. ಅದು ಜೇಡವನ್ನು ಕೊಲ್ಲುವುದಿಲ್ಲ, ಚುಚ್ಚಿ ನಿಶ್ಚೇಷ್ಟಿತಗೊಳಿಸಿ ಕೋಣೆ ತುಂಬಾ ಇರಿಸಿ, ಮೊಟ್ಟೆಯಿಟ್ಟು, ಮಣ್ಣಿನ ಗೋಡೆ ಕಟ್ಟುತ್ತದೆ. ಮರಿಗೆ ತಿನ್ನುವ ದಿನದವರೆಗೂ ಆಹಾರ ಕೊಳೆಯುವುದಿಲ್ಲ. ಕಂಬಳಿಹುಳುಗಳನ್ನು ತುಂಬುವ ರಿಂಕಿಯಮ್ ಕಣಜ, ಹುಲ್ಲಿನ ಎಳೆಗಳನ್ನು ತುರುಕಿ ಮಿಡತೆ ಬಳಗದ ಕೀಟಗಳನ್ನು ಕೂಡಿಡುವ ಐಸೊಡಾಂಟಿಯಾ, ಜಿರಳೆಯ ಮೀಸೆ ಹಿಡಿದು ನಡೆಸಿಕೊಂಡೇ ಬಂದು ಪೊಟರೆಗೆ ಸೇರಿಸುವ ಹಸಿರು ಹೊಳಪಿನ ಆಂಪ್ಯುಲೆಕ್ಸ್ ಕಂಪ್ರೆಸಾ ಇವೆಲ್ಲ ನಮ್ಮ ದೇಶದಲ್ಲಿವೆ. ಮಣ್ಣಿನ ಮುಚ್ಚಳದ ಮೇಲೆ ಸುಣ್ಣ ಬಳಿದಂತೆ ಬಿಳಿಯ ಲೇಪ ಕಂಡರೆ ಅದು ಕ್ಯಾಲಿಬಿಯಾನ್ ಬೆಂಗಾಲೆನ್ಸ್ ಎಂಬ ನೀಲಿ ಕಣಜದ್ದಾಗಿರಬಹುದು. ಅದು ಪ್ರಾಣಿಗಳ ಹಿಕ್ಕೆಯನ್ನು ತಂದು ಗೂಡಿಗೆ ಬಳಸುವುದನ್ನು ಜೀವವಿಜ್ಞಾನಿ ಜೆ. ಬಿ. ಎಸ್. ಹಾಲ್ಡೇನ್ ಅವರೊಂದಿಗೆ ಭಾರತಕ್ಕೆ ಬಂದು ನೆಲೆಸಿದ ಅವರ ಪತ್ನಿ ಹೆಲೆನ್ ಸ್ಪರ್ವೆ ಮತ್ತು ಎಸ್. ಡಿ. ಜಯಕರ್ 1963ರಲ್ಲೇ ದಾಖಲಿಸಿದ್ದಾರೆ.

ಇನ್ನೊಂದು ಸೂಕ್ಷ್ಮವನ್ನು ಹೇಳದೆ ಇರಲಾರೆ. ಕತ್ತಲ ಕೊಳವೆಯೊಳಗಿನ ಮರಿಗೆ ಬಾಗಿಲು ಯಾವ ಕಡೆ ಇದೆ ಎಂದು ತಿಳಿಯುವುದು ಹೇಗೆ? ತಪ್ಪಿದರೆ ಅದು ಒಳಮುಖವಾಗಿ ಅಗೆದು ಸಾಯುತ್ತದೆ. ಕೆನ್ನೆತ್ ಕೂಪರ್ ಎಂಬ ಅಮೆರಿಕದ ಕೀಟವಿಜ್ಞಾನಿ 1957ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ತಾಯಿ ಕಣಜ ಹೊರಗಿನಿಂದ ಕಟ್ಟುವುದರಿಂದ ಮಣ್ಣಿನ ಗೋಡೆಯ ಒಂದು ಬದಿ ನುಣುಪಾಗಿ ತಗ್ಗಾಗಿರುತ್ತದೆ, ಇನ್ನೊಂದು ಬದಿ ಒರಟಾಗಿ ಉಬ್ಬಿರುತ್ತದೆ. ಮರಿ ಆ ವ್ಯತ್ಯಾಸವನ್ನು ಗುರುತಿಸಿ ತಲೆಯನ್ನು ಬಾಗಿಲ ಕಡೆಗೆ ಮಾಡಿ ಗೂಡು ನೇಯುತ್ತದೆ. ತಾಯಿ ಮರಿಯನ್ನು ಒಮ್ಮೆಯೂ ನೋಡದೆ ದಾರಿ ಹೇಳಿಟ್ಟು ಹೋಗಿರುತ್ತಾಳೆ.


ಉತ್ತರ: ಅರೇಬಿಕಾ ಬೆಳೆಗಾರ

ಮೇಲಿನ ಇಬ್ಬರ ಬರಹವನ್ನೂ ಸಂತೋಷದಿಂದ ಓದಿದೆ. ಆದರೆ ಇದನ್ನು ಓದಿದ ಬೆಳೆಗಾರರು ತೋಟದ ಬೋರರ್ ಗಿಡಗಳನ್ನೂ ಜೇನಿಗಾಗಿ ಉಳಿಸಿಕೊಂಡರೆ ಅನಾಹುತವಾಗುತ್ತದೆ ಎಂಬ ಕಳವಳದಿಂದ ಇದನ್ನು ಬರೆಯುತ್ತಿದ್ದೇನೆ. ಸತ್ತ ಹಲಸಿನ ಬೊಡ್ಡೆಯ ಮಾತು ಬೇರೆ, ಬದುಕಿರುವ ಅರೇಬಿಕಾ ಗಿಡದ ಮಾತು ಬೇರೆ.

ಅರೇಬಿಕಾಕ್ಕೆ ಬೀಳುವ ಬಿಳಿ ಕಾಂಡಕೊರಕ, ಕ್ಸೈಲೊಟ್ರೀಕಸ್ ಕ್ವಾಡ್ರಿಪೆಸ್, ಉದ್ದ ಮೀಸೆಯ ದುಂಬಿಗಳ ಕುಟುಂಬದ್ದೇ. 1860ರ ದಶಕದಲ್ಲಿ ಇದು ಕೊಡಗು ಮತ್ತು ಮೈಸೂರಿನ ತೋಟಗಳನ್ನು ಎಷ್ಟು ಹಾಳುಗೆಡವಿತೆಂದರೆ, ಮದ್ರಾಸ್ ಸರ್ಕಾರ ಜಾರ್ಜ್ ಬಿಡೀ ಎಂಬ ವೈದ್ಯಾಧಿಕಾರಿಯನ್ನು ತನಿಖೆಗೆ ನೇಮಿಸಬೇಕಾಯಿತು. ಅವರ ವರದಿ 1869ರಲ್ಲಿ ಹೊರಬಂತು. ನೆರಳನ್ನು ಕಡಿದು ಗಿಡಗಳನ್ನು ಬಿಸಿಲಿಗೆ ಒಡ್ಡಿದ್ದರ ಫಲವಿದು ಎಂಬ ಅಂದಿನ ಅರಿವು ಇಂದಿಗೂ ಸುಳ್ಳಾಗಿಲ್ಲ. ತಾಯಿ ದುಂಬಿ ಬಿಸಿಲು ಬೀಳುವ ಕಾಂಡವನ್ನೇ ಆರಿಸಿಕೊಂಡು ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುತ್ತದೆ. ಮರಗಸಿಯಲ್ಲಿ, ಅಂದರೆ ನೆರಳುಮರಗಳ ಕೊಂಬೆ ಕಡಿಯುವುದರಲ್ಲಿ, ಅತಿಯಾಸೆ ಮಾಡಿ ನೆರಳನ್ನು ಬಯಲು ಮಾಡಿದವರ ತೋಟದಲ್ಲಿ ಬೋರರ್ ಹೆಚ್ಚುವುದನ್ನು ನಾವೆಲ್ಲ ನೋಡುತ್ತಲೇ ಇದ್ದೇವೆ.

ಈ ಹುಳುವಿನ ಕಪಟವೇನೆಂದರೆ, ಬ್ಯಾಟೊಸೆರಾ ಹುಡಿಯನ್ನು ಹೊರಗೆ ತಳ್ಳುತ್ತದೆ, ಇದು ತಳ್ಳುವುದಿಲ್ಲ. ತೋಡಿದ ಸುರಂಗವನ್ನು ಹಿಂದಿನಿಂದಲೇ ತನ್ನ ಹಿಕ್ಕೆಯಿಂದ ಬಿಗಿಯಾಗಿ ತುಂಬುತ್ತ ಸಾಗುತ್ತದೆ. ಸುಮಾರು ಒಂಬತ್ತು ತಿಂಗಳು ಕಾಂಡದೊಳಗಿದ್ದರೂ ಹೊರಗೆ ಕಾಣುವುದು ತೊಗಟೆಯ ಮೇಲಿನ ಉಬ್ಬು ಗೆರೆಗಳು ಮತ್ತು ಹಳದಿಯಾಗಿ ಬಾಡುವ ಎಲೆಗಳು ಮಾತ್ರ. ದುಂಬಿಗಳು ಹೊರಬಂದು ಹಾರಾಡುವುದು ಮುಖ್ಯವಾಗಿ ಏಪ್ರಿಲ್‌–ಮೇ ತಿಂಗಳುಗಳಲ್ಲಿ ಮತ್ತು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಆದ್ದರಿಂದ ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ಉಬ್ಬು ಗೆರೆಯಿರುವ ಗಿಡಗಳನ್ನು ಹುಡುಕಿ, ಬೇರುಸಹಿತ ಕಿತ್ತು ಸುಡಬೇಕು. ಕಿತ್ತ ಗಿಡಗಳನ್ನು ಸೌದೆಯೆಂದು ಮನೆಯ ಹತ್ತಿರ ರಾಶಿ ಹಾಕಿದರೆ ದುಂಬಿಗಳು ಆ ರಾಶಿಯಿಂದಲೇ ಹೊರಬಂದು ತೋಟಕ್ಕೆ ಮರಳುತ್ತವೆ. ಉಳಿದ ಗಿಡಗಳ ಮುಖ್ಯ ಕಾಂಡವನ್ನೂ ದಪ್ಪ ರೆಂಬೆಗಳನ್ನೂ ತೆಂಗಿನ ನಾರಿನಿಂದ ಉಜ್ಜಿ ಸಡಿಲ ತೊಗಟೆಯನ್ನು ತೆಗೆಯುವುದು, ಶೇಕಡ 10ರ ಸುಣ್ಣದ ದ್ರಾವಣ ಸಿಂಪಡಿಸುವುದು, ದುಂಬಿಗಳನ್ನು ವಾಸನೆಯಿಂದ ಸೆಳೆದು ಹಿಡಿಯುವ ಮೋಹಕ ಬಲೆಗಳನ್ನು ಕಟ್ಟುವುದು ಇವೆಲ್ಲ ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಹೇಳುತ್ತ ಬಂದಿರುವ ಕ್ರಮಗಳೇ. ಆ ಸಂಸ್ಥೆ 1925ರಲ್ಲಿ ಆರಂಭವಾಗುವುದಕ್ಕೂ ಮುಂಚೆ, 1915ರಲ್ಲಿ, ಕಾಫಿ ಸಂಶೋಧನೆಯ ತಾತ್ಕಾಲಿಕ ಘಟಕವೊಂದು ಇದ್ದದ್ದು ನಿಮ್ಮ ಕೊಪ್ಪದಲ್ಲೇ ಎಂಬುದನ್ನು ಪ್ರಾಸಂಗಿಕವಾಗಿ ನೆನಪಿಸುತ್ತೇನೆ.

ಹುಡಿ ಬಿಗಿದುಕೊಂಡಿರುವ ಇಂಥ ಸುರಂಗ ಒಂಟಿ ಜೇನುಗಳಿಗೆ ಹೆಚ್ಚು ಪ್ರಯೋಜನಕ್ಕೂ ಬರುವುದಿಲ್ಲ. ಹಾಗಾಗಿ ಬೋರರ್ ಗಿಡ ಸುಡುವಾಗ ಯಾರ ಮನೆಯನ್ನೋ ಸುಡುತ್ತಿದ್ದೇವೆ ಎಂಬ ಸಂಕೋಚ ಬೇಡ. ಅದೇ ವೇಳೆ ದೊಡ್ಡಪ್ಪನವರಿಗೆ ಒಂದು ಮಾತು ತಿಳಿಸಿ: ಬಿಳಿ ಕಾಂಡಕೊರಕ ವರ್ಷಗಳ ಹಿಂದೆ ಸತ್ತ ಹಲಸಿನ ಬೊಡ್ಡೆಯಲ್ಲಿ ಹುಟ್ಟಿ ಕಾಫಿಗೆ ಬರುವುದಿಲ್ಲ. ಅದರ ಮೂಲ ತೋಟದೊಳಗಿನ, ಗುರುತಿಸದೆ ಉಳಿದ ಅರೇಬಿಕಾ ಗಿಡಗಳೇ. ಸುಡುವ ಶ್ರಮವನ್ನು ಅಲ್ಲಿಗೆ ಮೀಸಲಿಡಲಿ.


ಮರುಪ್ರಶ್ನೆ: ಕೊಪ್ಪದ ಓದುಗ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ದೊಡ್ಡಪ್ಪನವರಿಗೆ ಎಲ್ಲವನ್ನೂ ಓದಿ ಹೇಳಿದೆ. ಬೊಡ್ಡೆಯನ್ನು ಸದ್ಯಕ್ಕೆ ಉಳಿಸೋಣವೆಂದರು, ಆದರೆ ಅದರೊಳಗೆ ಈಗಲೂ ಮರ ತಿನ್ನುವ ಹುಳು ಇದೆಯೋ ಇಲ್ಲವೋ ಎಂದು ಪರೀಕ್ಷಿಸುವ ಬಗೆಯನ್ನು ಕೇಳುತ್ತಿದ್ದಾರೆ. ಸುಮ್ಮನೆ ಅಲೆಯುವ ಹೊಳೆಯುವ ಕೀಟ ಯಾವುದೆಂದು ಯಾರೂ ಹೇಳಲಿಲ್ಲ. ಬೊಡ್ಡೆ ಇನ್ನು ಕೆಲವು ಮಳೆಗಾಲಗಳಲ್ಲಿ ಕುಸಿಯಬಹುದು. ಆಗ ಈ ಜೇನು ಕಣಜಗಳಿಗೆ ಬದಲಿ ವ್ಯವಸ್ಥೆ ಮಾಡಲು ಸಾಧ್ಯವೇ?


ಉತ್ತರ: ಸಂಜೆಮಲ್ಲಿಗೆ

ಹೊಳೆಯುವ ಕೀಟ ಕ್ರೈಸಿಡಿಡೇ ಕುಟುಂಬದ ಕಣಜ. ಕೋಗಿಲೆ ಕಾಗೆಯ ಗೂಡಿಗೆ ಮಾಡುವುದನ್ನು ಅದು ಇತರ ಕಣಜ, ಜೇನುಗಳ ಗೂಡಿಗೆ ಮಾಡುತ್ತದೆ. ತಾಯಿ ಹೊರಗೆ ಹೋದ ಸಮಯ ಕಾದು ಒಳನುಗ್ಗಿ ಮೊಟ್ಟೆಯಿಡುತ್ತದೆ. ಹುಟ್ಟಿದ ಮರಿ ಮನೆಯೊಡತಿಯ ಮರಿಯನ್ನೋ ಕೂಡಿಟ್ಟ ಆಹಾರವನ್ನೋ ತಿಂದು ಬೆಳೆಯುತ್ತದೆ. ಸಿಕ್ಕಿಬಿದ್ದರೆ ಗಟ್ಟಿ ಕವಚದ ಮೈಯನ್ನು ಉಂಡೆಯಾಗಿ ಸುತ್ತಿಕೊಂಡು ಕುಟುಕಿನಿಂದ ಪಾರಾಗುತ್ತದೆ. ಎಲೆ ಕತ್ತರಿಸುವ ಜೇನಿಗೆ ಇದೇ ಬಗೆಯ ಕಾಟ ಕೊಡುವುದು ಚೂಪು ಹಿಂಬದಿಯ ಸೀಲಿಯಾಕ್ಸಿಸ್ ಎಂಬ ಜೇನು. ಕಪ್ಪು ಹಳದಿಯ ಲ್ಯೂಕೋಸ್ಪಿಸ್ ಎಂಬ ಕಣಜವಂತೂ ಬಾಗಿಲ ತಂಟೆಗೇ ಹೋಗದೆ, ಬೆನ್ನ ಮೇಲೆ ಮಡಿಸಿಟ್ಟ ಉದ್ದ ಮೊಟ್ಟೆನಾಳವನ್ನು ಮರದ ಮೂಲಕವೇ ಇಳಿಸಿ ಮೊಟ್ಟೆಯಿಡುತ್ತದೆ. ಇವುಗಳನ್ನು ಓಡಿಸಬೇಕಾಗಿಲ್ಲ. ಇವು ಇರುವುದೇ ಗೂಡುಗಳು ಸಾಕಷ್ಟಿವೆ ಎಂಬುದರ ಗುರುತು.

ಬದಲಿ ವ್ಯವಸ್ಥೆ ಸುಲಭ. ಹಳೆಯ ಗಟ್ಟಿ ಮರದ ತುಂಡಿನಲ್ಲಿ 3ರಿಂದ 10 ಮಿಲಿಮೀಟರ್ ಅಗಲದ ಬೇರೆಬೇರೆ ತೂತುಗಳನ್ನು, ಆದಷ್ಟು 10ರಿಂದ 15 ಸೆಂಟಿಮೀಟರ್ ಆಳಕ್ಕೆ, ಹಿಂಬದಿ ತೆರೆಯದಂತೆ ಕೊರೆಯಿರಿ. ಬಾಯಿಯ ಸಿಬಿರನ್ನು ಉಜ್ಜಿ ನುಣುಪು ಮಾಡದಿದ್ದರೆ ರೆಕ್ಕೆ ಹರಿಯುತ್ತದೆಂದು ಅವು ಒಳಗೆ ಹೋಗುವುದಿಲ್ಲ. ನಿಮ್ಮ ಕಡೆ ಸಿಗುವ ವಾಟೆಯನ್ನು (ಸಪೂರ ಬಿದಿರನ್ನು) ಗಿಣ್ಣಿನ ಹಿಂದೆ ಕತ್ತರಿಸಿ ಕಟ್ಟು ಕಟ್ಟಿದರೂ ಆದೀತು. ಬೆಳಗಿನ ಬಿಸಿಲು ಬೀಳುವಂತೆ ಪೂರ್ವಕ್ಕೆ ಮುಖಮಾಡಿ, ಎರಚಲು ತಾಗದ ಸೂರಿನಡಿ ಅಲುಗಾಡದಂತೆ ಕಟ್ಟಿ. ಮಲೆನಾಡಿನ ಮಳೆಯಲ್ಲಿ ಇದಕ್ಕೆ ದೊಡ್ಡ ಶತ್ರು ಬೂಸು. ಹಾಗಾಗಿ ಮರಿಗಳು ಹೊರಬಂದ ಮೇಲೆ ಹಳೆಯ ವಾಟೆಗಳನ್ನು ತೆಗೆದು ಹೊಸವನ್ನು ಹಾಕುತ್ತಿರಬೇಕು.


ಉತ್ತರ: ಕೀಟಲೋಕ

ಪರೀಕ್ಷೆಯ ಬಗ್ಗೆ ಹೇಳುವುದಾದರೆ, ಬೊಡ್ಡೆಯ ಬುಡದ ಸುತ್ತ ಹಳೆಯ ಹುಡಿಯನ್ನು ಗುಡಿಸಿ, ಒಂದು ಗೋಣಿಯನ್ನೋ ಕಾಗದವನ್ನೋ ಹಾಸಿ ಕೆಲವು ದಿನ ಬಿಡಿ. ಹೊಸ, ತಿಳಿ ಬಣ್ಣದ ಹುಡಿ ಬಿದ್ದರೆ ಒಳಗೆ ತಿನ್ನುವ ಹುಳು ಇದೆ ಎಂದರ್ಥ. ಬೀಳದಿದ್ದರೆ ಉಳಿದಿರುವುದು ಖಾಲಿ ಮನೆ. ತೂತಿನ ಅಂಚು ತಾಜಾ ಮರದ ಬಣ್ಣಕ್ಕಿದ್ದರೆ ಹೊಸದು, ಬೂದು ಬಣ್ಣಕ್ಕೆ ತಿರುಗಿದ್ದರೆ ಹಳೆಯದು. ಮಣ್ಣು, ಎಲೆ, ರಾಳದಿಂದ ಮುಚ್ಚಿದ ತೂತುಗಳನ್ನು ಮಾತ್ರ ಕೆದಕಿ ನೋಡಬೇಡಿ.

ಹುಳು ಇದೆ ಎಂದು ತಿಳಿದರೂ ಗಾಬರಿಯಾಗಬೇಕಿಲ್ಲ. ಕ್ಲೆರಿಡ್ ಎಂಬ ಬೇಟೆಗಾರ ದುಂಬಿಗಳು ಕುಟ್ಟೆಯನ್ನು ಅದರ ಸುರಂಗದಲ್ಲೇ ಹುಡುಕಿ ತಿನ್ನುತ್ತವೆ. ಬ್ರಾಕೊನಿಡ್ ಮತ್ತು ಬೆಥಿಲಿಡ್ ಬಳಗದ ಪುಟ್ಟ ಕಣಜಗಳು ಕೊರಕಗಳ ಮರಿಹುಳುವಿನ ಮೇಲೇ ಮೊಟ್ಟೆಯಿಡುತ್ತವೆ. ಕಾಫಿಯ ಬಿಳಿ ಕಾಂಡಕೊರಕಕ್ಕೂ ಇಂಥ ಶತ್ರುಗಳಿವೆ. ತೂತುಗಳಿಗೆ ಹೊಯ್ದ ಕೀಟನಾಶಕ ಮೊದಲು ಕೊಲ್ಲುವುದು ಇವುಗಳನ್ನೇ.

ಎಚ್ಚರಿಕೆ ಬೇಕಾಗಿರುವುದು ಇರುವೆಯ ವಿಷಯದಲ್ಲಿ. ಕಪ್ಪು ತಲೆ, ಕಪ್ಪು ಹೊಟ್ಟೆ, ನಡುವೆ ಕೆಂಪು ಕಿತ್ತಳೆ ಎದೆಯ ಉದ್ದನೆಯ ಇರುವೆ ಕಂಡರೆ ಅದು ಟೆಟ್ರಾಪೊನೆರಾ ರುಫೊನೈಗ್ರಾ. ಒಣಮರದ ಪೊಳ್ಳಿನಲ್ಲೇ ಅದರ ವಾಸ, ಕುಟುಕು ಬಹಳ ನೋವಿನದು. ಮಕ್ಕಳು ಬೊಡ್ಡೆಗೆ ಕೈಯೂರದಂತೆ ನೋಡಿಕೊಳ್ಳಿ. ಬೊಡ್ಡೆ ಕುಸಿದ ದಿನ ಅದನ್ನು ಸೀಳಿ ಒಲೆಗೆ ಹಾಕದೆ, ಮನೆಯಿಂದ ದೂರಕ್ಕೆ ಉರುಳಿಸಿ, ಅಡಿಗೆ ಎರಡು ಕಲ್ಲು ಕೊಟ್ಟು ಮಲಗಿಸಿ. ಮಣ್ಣು ತಾಗದಿದ್ದರೆ ಗೆದ್ದಲು ಬೇಗ ಹತ್ತುವುದಿಲ್ಲ. ಬಿಸಿಲಿರುವ ಬದಿಯ ತೂತುಗಳು ಮೇಲ್ಮುಖವಾಗದೆ ಪಕ್ಕಕ್ಕೆ ತಿರುಗಿರುವಂತೆ ಇಟ್ಟರೆ ಮಳೆನೀರು ಒಳಗೆ ನಿಲ್ಲದೆ ಇನ್ನೂ ಕೆಲಕಾಲ ಬಳಕೆಯಲ್ಲಿರುತ್ತವೆ.